ನಲ್ಲಿ ನೀರು, ಒಳಚರಂಡಿ, ಮಳೆನೀರು: ಮೂರಕ್ಕೂ ಒಬ್ಬರು ಉತ್ತರ ಕೊಡಲಿ

ಮಾನ್ಯ ಮೇಯರ್ ಅವರಿಗೆ,

ನಮಸ್ಕಾರ.

ಬಜೆಟ್ ಮಂಡನೆಗೆ ಮುಂಚೆ ಈ ಪತ್ರ ನಿಮ್ಮ ಕೈ ಸೇರಲಿ ಅಂತ ಬರೆಯುತ್ತಿದ್ದೇನೆ. ಕುಡಿಯುವ ನೀರು, ಒಳಚರಂಡಿ, ಮಳೆನೀರಿನ ಚರಂಡಿ, ಈ ಮೂರನ್ನೂ ಒಬ್ಬ ಅಧಿಕಾರಿಯ ಕೈಗೆ ಕೊಡಿ. ಮೂರೂ ಸೇರಿದ ಒಂದು ನಕ್ಷೆ ಮಾಡಿಸಿ. ಮೂರರ ದುಡ್ಡಿನ ಲೆಕ್ಕವೂ ಒಂದೇ ಪುಸ್ತಕದಲ್ಲಿ ಇರಲಿ. ಹೊಸ ಜಲಾಶಯ, ಹೊಸ ಸುರಂಗ, ಹೊಸ ಘಟಕ ಇವೆಲ್ಲ ಆಮೇಲೆ ನೋಡೋಣ.

ಈಗ ಹೇಗಿದೆ ಅಂತ ನಿಮಗೆ ಗೊತ್ತಿದೆ. ನಲ್ಲಿಯಲ್ಲಿ ನೀರು ಬರದಿದ್ದರೆ ಒಂದು ಕಚೇರಿಗೆ ಹೋಗಬೇಕು. ಮ್ಯಾನ್‌ಹೋಲ್ ಉಕ್ಕಿದರೆ ಇನ್ನೊಂದಕ್ಕೆ. ರಸ್ತೆಯಲ್ಲಿ ಮಳೆನೀರು ನಿಂತರೆ ಮತ್ತೊಂದಕ್ಕೆ. ಆ ಮೂರನೆಯದು ಬಹಳ ಸಲ ರಸ್ತೆ ವಿಭಾಗದ ಒಂದು ಮೂಲೆಯಲ್ಲಿ ಇರುತ್ತದೆ. ಎಂಜಿನಿಯರ್ ಬೇರೆ, ಟೆಂಡರ್ ಬೇರೆ, ಗುತ್ತಿಗೆದಾರರು ಬೇರೆ, ನಕ್ಷೆಯೂ ಬೇರೆ. ನೆಲದ ಕೆಳಗೆ ಮಾತ್ರ ಈ ಮೂರೂ ಅಕ್ಕಪಕ್ಕದಲ್ಲೇ ಇವೆ. ಎಷ್ಟೋ ಬೀದಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಮೊಳ ಮಣ್ಣೂ ಇರುವುದಿಲ್ಲ.

ನಲ್ಲಿ ನೀರನ್ನೇ ತೆಗೆದುಕೊಳ್ಳಿ. ಇಡೀ ದಿನ ನೀರು ಬರುವ ಕಡೆ ಪೈಪಿನೊಳಗೆ ಸದಾ ಒತ್ತಡ ಇರುತ್ತದೆ. ಪೈಪು ತೂತಾದರೂ ನೀರು ಹೊರಗೆ ಚಿಮ್ಮುತ್ತದೆಯೇ ಹೊರತು ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ನೀರು ಬಿಡುವ ಕಡೆ ಹಾಗಲ್ಲ. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಕಡೆಗೆ ಇಳಿದು ಹೋಗುತ್ತದೆ. ಪೈಪು ಖಾಲಿಯಾಗುತ್ತಾ ಒಳಗೆ ಎಳೆತ ಹುಟ್ಟುತ್ತದೆ. ಆಗ ಅದೇ ತೂತಿನಿಂದ ಸುತ್ತಲಿನ ಮಣ್ಣಿನ ನೀರು ಒಳಗೆ ನುಗ್ಗುತ್ತದೆ. ಪಕ್ಕದ ಒಳಚರಂಡಿ ಸೋರುತ್ತಿದ್ದರೆ ಏನು ನುಗ್ಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮತ್ತೆ ನೀರು ಬಿಟ್ಟಾಗ ಮೊದಲ ಕೆಲವು ನಿಮಿಷ ಬರುವ ನೀರೇ ಜಾಸ್ತಿ ಕೆಟ್ಟಿರುವುದು ಇದಕ್ಕೇ. ಶುದ್ಧೀಕರಣ ಘಟಕದಿಂದ ಹೊರಟ ನೀರು ಎಷ್ಟೇ ಚೆನ್ನಾಗಿರಲಿ, ಮನೆ ಮುಟ್ಟುವ ಹೊತ್ತಿಗೆ ಅದು ಬೇರೆಯೇ ನೀರಾಗಿರುತ್ತದೆ. ಇದರಲ್ಲಿ ತಪ್ಪು ನೀರಿನ ವಿಭಾಗದ್ದೋ ಒಳಚರಂಡಿ ವಿಭಾಗದ್ದೋ? ಇಬ್ಬರನ್ನೂ ಕೇಳುವವರು ಒಬ್ಬರು ಇಲ್ಲದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ನಮ್ಮ ಬೀದಿಯಲ್ಲಿ ಇದೇ ಆಯಿತು. ನಲ್ಲಿ ನೀರಿಗೆ ವಾಸನೆ ಬಂತು. ಮಕ್ಕಳಿಗೆ ಹೊಟ್ಟೆ ಕೆಟ್ಟಿತು. ನೀರಿನವರು ಬಂದು ರಸ್ತೆ ಅಗೆದು ನೋಡಿದರು. ಅವರ ಮುಖ್ಯ ಪೈಪು ಸರಿಯಾಗಿಯೇ ಇತ್ತು. ಕ್ಲೋರಿನ್ ಸ್ವಲ್ಪ ಜಾಸ್ತಿ ಹಾಕಿಸುತ್ತೇವೆ ಅಂತ ಹೇಳಿ ಗುಂಡಿ ಮುಚ್ಚಿದರು. ಒಳಚರಂಡಿಯವರು ಮ್ಯಾನ್‌ಹೋಲ್ ತೆಗೆದು, ಕಟ್ಟಿಕೊಂಡಿದ್ದನ್ನು ಬಿಡಿಸಿ ಹೋದರು. ಚರಂಡಿಯ ಹೂಳು ತೆಗೆಯುವುದು ಮಳೆಗಾಲಕ್ಕೆ ಮುಂಚೆ, ಈಗ ಅದಕ್ಕೆ ಟೆಂಡರ್ ಇಲ್ಲ ಅಂದರು ಮೂರನೆಯವರು. ಯಾರೂ ಸುಳ್ಳು ಹೇಳಲಿಲ್ಲ. ಅವರವರ ಕೆಲಸವನ್ನು ಅವರವರು ಮಾಡಿದರು. ವಾಸನೆ ಮಾತ್ರ ಹೋಗಲಿಲ್ಲ.

ಕೊನೆಗೆ ಬೀದಿಯವರೆಲ್ಲ ಸೇರಿ, ಮೂರೂ ಕಡೆಯವರು ಒಂದೇ ಹೊತ್ತಿಗೆ ಬರಬೇಕು ಅಂತ ಪಟ್ಟು ಹಿಡಿದೆವು. ಬಂದರು. ಚರಂಡಿ ಮೇಲಿನ ಚಪ್ಪಡಿ ಎತ್ತಿಸಿದರು. ಒಳಗೆ ಮೊಣಕಾಲುದ್ದ ಕಪ್ಪು ಹೂಳು ತುಂಬಿತ್ತು. ವಯಸ್ಸಾದ ಲೈನ್‌ಮನ್ ಒಬ್ಬರು ಸಲಿಕೆಯಿಂದ ಹೂಳು ಸರಿಸುತ್ತಾ ಹೋದರು. ಮುಖ್ಯ ಪೈಪಿನಿಂದ ಮನೆಗೆ ಹೋಗುವ ಸಣ್ಣ ಕಬ್ಬಿಣದ ಪೈಪು ಆ ಚರಂಡಿಯ ಒಳಗೇ ಅಡ್ಡ ಹಾದು ಹೋಗಿತ್ತು. ತುಕ್ಕು ಹಿಡಿದು ಪದರ ಪದರವಾಗಿ ಎದ್ದಿತ್ತು. ಅವರು ಬಟ್ಟೆಯಿಂದ ಒರೆಸಿದಾಗ ಪೆನ್ಸಿಲ್ ಮೊನೆಯಷ್ಟು ಸಣ್ಣ ತೂತು ಕಾಣಿಸಿತು. ಮ್ಯಾನ್‌ಹೋಲ್ ಕಟ್ಟಿದಾಗಲೆಲ್ಲ ಕೊಳಚೆ ಈ ಚರಂಡಿಗೆ ಇಳಿಯುತ್ತಿತ್ತು. ಹೂಳು ತುಂಬಿದ್ದರಿಂದ ಮುಂದೆ ಹರಿಯದೆ ಪೈಪಿನ ಸುತ್ತ ನಿಲ್ಲುತ್ತಿತ್ತು. ನಲ್ಲಿ ನಿಂತ ಹೊತ್ತಿನಲ್ಲಿ ಆ ತೂತಿನಿಂದ ಒಳಗೆ ಹೋಗುತ್ತಿತ್ತು. ಅಷ್ಟೇ. ಪೈಪು ಬದಲಾಯಿಸಲು ಅರ್ಧ ದಿನವೂ ಬೇಕಾಗಲಿಲ್ಲ. ಮೂವರೂ ಒಂದೇ ಗುಂಡಿಯ ಮುಂದೆ ನಿಲ್ಲುವುದಕ್ಕೇ ಅಷ್ಟು ಕಾಲ ಹಿಡಿಯಿತು.

ಇದು ಹಳೆಯ ಪಾಠ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಮನೆಗಳನ್ನು ಹುಡುಕಿಕೊಂಡು ಹೋಗಿ, ಎಲ್ಲರೂ ಹೆಚ್ಚಾಗಿ ಒಂದೇ ಬಾವಿಯ ಪಂಪಿನ ನೀರು ಕುಡಿದವರು ಅಂತ ತೋರಿಸಿಕೊಟ್ಟವರು ಡಾಕ್ಟರ್ ಜಾನ್ ಸ್ನೋ. ಆಮೇಲೆ ಅಗೆದು ನೋಡಿದಾಗ, ಬಾವಿಯಿಂದ ಕೆಲವೇ ಅಡಿ ದೂರದಲ್ಲಿ ಒಂದು ಮನೆಯ ಮಲದ ಗುಂಡಿ ಸೋರುತ್ತಿತ್ತು.

ಆ ನಗರದ ಮುಂದಿನ ಕಥೆ ಆಡಳಿತ ನಡೆಸುವವರು ಓದಲೇಬೇಕಾದದ್ದು. ಲಂಡನ್ನಿನ ಹಳೆಯ ಚರಂಡಿಗಳು ಇದ್ದದ್ದು ಮಳೆನೀರಿಗೆ. ಮನೆಯ ಕೊಳೆಯನ್ನು ಅವುಗಳಿಗೆ ಬಿಡುವಂತಿರಲಿಲ್ಲ. 1815ರಲ್ಲಿ ಆ ನಿಷೇಧ ತೆಗೆದರು. ಮನೆಮನೆಗೆ ಫ್ಲಶ್ ಶೌಚಾಲಯ ಬಂತು. ಎಲ್ಲವೂ ಮಳೆನೀರಿನ ಚರಂಡಿ ಸೇರಿ ಥೇಮ್ಸ್ ನದಿಗೆ ಹೋಯಿತು. ಊರಿನ ಬಹಳ ಜನ ಕುಡಿಯುತ್ತಿದ್ದ ನೀರು ಬರುತ್ತಿದ್ದದ್ದೂ ಅದೇ ನದಿಯಿಂದ. 1858ರ ಬೇಸಿಗೆಯಲ್ಲಿ ನದಿಯ ನಾತಕ್ಕೆ ದಡದಲ್ಲಿದ್ದ ಸಂಸತ್ತಿನಲ್ಲಿ ಕೂರಲಾಗದ ಸ್ಥಿತಿ ಬಂತು. ಅದಕ್ಕೂ ಮುಂಚೆ ಬಹಳ ಕಾಲ ಆ ಊರಿನ ಚರಂಡಿಗಳು ಹಲವು ಬೇರೆ ಬೇರೆ ಆಯೋಗಗಳ ಕೈಯಲ್ಲಿದ್ದವು. ಒಬ್ಬರ ಚರಂಡಿ ಮುಗಿದಲ್ಲಿ ಇನ್ನೊಬ್ಬರದು ಶುರು. ಇಡೀ ನಗರಕ್ಕೆ ಒಂದೇ ಮಂಡಳಿ ಬೇಕು ಅಂತ 1855ರಲ್ಲಿ ಕಾನೂನು ಮಾಡಿದ ಮೇಲೆ, ಅದರ ಮುಖ್ಯ ಎಂಜಿನಿಯರ್ ಜೋಸೆಫ್ ಬಾಝಲ್‌ಗೆಟ್ ಅವರು ಸುಮಾರು 130 ಕಿಲೋಮೀಟರ್ ಉದ್ದದ ದೊಡ್ಡ ಒಳಚರಂಡಿಗಳನ್ನು ಕಟ್ಟಿದರು. 1866ರಲ್ಲಿ ಲಂಡನ್ನಿಗೆ ಕಾಲರಾ ಕೊನೆಯ ಸಲ ಬಂದಾಗ ಅದು ಹೆಚ್ಚಾಗಿ ಹೊಡೆದದ್ದು ಪೂರ್ವ ಭಾಗವನ್ನು. ಹೊಸ ಒಳಚರಂಡಿ ಇನ್ನೂ ಪೂರ್ತಿಯಾಗದೆ ಇದ್ದದ್ದು ಅಲ್ಲೇ.

ಬಾಝಲ್‌ಗೆಟ್ ಕಟ್ಟಿದ್ದು ಕೊಳಚೆಗೂ ಮಳೆನೀರಿಗೂ ಸೇರಿದ ಒಂದೇ ಜಾಲ. ಊರು ಬೆಳೆದಂತೆ ಜೋರು ಮಳೆಗೆ ಅದು ಉಕ್ಕಿ ಮತ್ತೆ ನದಿಗೆ ಹರಿಯತೊಡಗಿತು. ಅದನ್ನು ಹಿಡಿದಿಡಲು ಥೇಮ್ಸ್ ಕೆಳಗೆ 25 ಕಿಲೋಮೀಟರ್ ಸುರಂಗ ಕೊರೆದು, ಅದು ಪೂರ್ತಿ ಕೆಲಸಕ್ಕೆ ಬಂದದ್ದು 2025ರಲ್ಲಿ. ಕೊಳಚೆಯ ಪೈಪಿಗೆ ಮಳೆಯನ್ನು ಸೇರಿಸಿದರೆ ಅದರ ಸಾಲ ಮೊಮ್ಮಕ್ಕಳ ಮೊಮ್ಮಕ್ಕಳು ತೀರಿಸಬೇಕಾಗುತ್ತದೆ.

ಹಾಗಾಗಿ ಮಳೆನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೂರರಲ್ಲಿ ದಿಕ್ಕಿಲ್ಲದ್ದು ಇದೇ. ಕುಡಿಯುವ ನೀರಿಗೆ ಬಿಲ್ ಇದೆ. ಒಳಚರಂಡಿಗೂ ಆ ಬಿಲ್ಲಿನಲ್ಲೇ ಒಂದು ಸಾಲು ಇರುತ್ತದೆ. ಮಳೆನೀರಿಗೆ ಬಿಲ್ ಇಲ್ಲ. ಬಿಲ್ ಇಲ್ಲದ ಮೇಲೆ ಗ್ರಾಹಕರೂ ಇಲ್ಲ, ದಿನದ ಲೆಕ್ಕವೂ ಇಲ್ಲ. ಊರು ಮುಳುಗಿದ ವಾರ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರಿನ ತಾರಸಿ ಮೇಲೆ 50 ಮಿಲಿಮೀಟರ್ ಮಳೆಯಾದರೆ 5,000 ಲೀಟರ್. ಒಂದು ಹೆಕ್ಟೇರ್ ಜಾಗಕ್ಕೆ 5 ಲಕ್ಷ ಲೀಟರ್. ಮಣ್ಣಿದ್ದಾಗ ಇದರಲ್ಲಿ ಒಂದು ಪಾಲು ಕೆಳಗೆ ಇಂಗುತ್ತಿತ್ತು, ಉಳಿದದ್ದು ನಿಧಾನಕ್ಕೆ ಹರಿಯುತ್ತಿತ್ತು. ಕಾಂಕ್ರೀಟ್ ಹಾಕಿದ ಮೇಲೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಸಲಕ್ಕೆ ಚರಂಡಿಗೆ ಬರುತ್ತದೆ. ಚರಂಡಿಯ ಅಗಲ ಮಾತ್ರ ಹಿಂದೆ ಎಷ್ಟಿತ್ತೋ ಅಷ್ಟೇ. ಮನೆ ಕಟ್ಟುವವರು ತಾರಸಿಯ ಪೈಪನ್ನು ಚರಂಡಿವರೆಗೆ ಎಳೆಯುವ ಬದಲು ಹತ್ತಿರದ ಒಳಚರಂಡಿ ಚೇಂಬರಿಗೆ ಸೇರಿಸಿಬಿಡುತ್ತಾರೆ. ನೋಡಲು ಅದು ಸಣ್ಣ ಕೆಲಸ. ಆದರೆ ಒಳಚರಂಡಿಯ ಪೈಪನ್ನು ಲೆಕ್ಕ ಹಾಕಿ ಹೂಳುವುದು ಮನೆಯ ಕೊಳಚೆಗೆ, ತಾರಸಿಯ ಮಳೆಗಲ್ಲ. ಒಂದು ಬೀದಿಯ ಎಲ್ಲ ತಾರಸಿಗಳೂ ಹಾಗೆ ಸೇರಿದಾಗ ಪೈಪು ತುಂಬಿ, ತಗ್ಗಿನ ಬೀದಿಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕುಳಿತುಕೊಳ್ಳುತ್ತದೆ. ಮೇಲಿನ ಬೀದಿಯವರ ಮಳೆ ಕೆಳಗಿನ ಬೀದಿಯವರ ಮನೆಯೊಳಗೆ ಕೊಳಚೆಯಾಗಿ ಬರುತ್ತದೆ.

ಇದು ಸಂಸ್ಕರಣಾ ಘಟಕದವರೆಗೂ ಹೋಗುತ್ತದೆ. ಅಲ್ಲಿ ಕೊಳಚೆಯನ್ನು ತಿಂದು ಶುದ್ಧ ಮಾಡುವುದು ಸೂಕ್ಷ್ಮಜೀವಿಗಳು. ಅವುಗಳಿಗೆ ಹೊತ್ತು ಬೇಕು, ಗಾಳಿ ಬೇಕು. ಮಳೆನೀರು ಒಮ್ಮೆಲೇ ನುಗ್ಗಿದರೆ ಆ ಜೀವಿಗಳೇ ತೊಳೆದು ಹೋಗುತ್ತವೆ. ಮತ್ತೆ ಬೆಳೆದು ಹದಕ್ಕೆ ಬರಲು ದಿನಗಳು ಬೇಕು. ಅಷ್ಟು ದಿನ ಅರೆಬರೆ ಶುದ್ಧವಾದ ಕೊಳಚೆ ಹೊಳೆಗೋ ಕೆರೆಗೋ ಹೋಗುತ್ತದೆ. ಕೆಳಗಿನ ಊರಿನವರು ಅಲ್ಲಿಂದಲೇ ನೀರು ಎತ್ತುತ್ತಾರೆ.

ತಿರುಗಿಸಿ ನೋಡಿದರೂ ಅದೇ ತೊಂದರೆ. ಒಳಚರಂಡಿ ತಲುಪದ ಮನೆಗಳ ಕೊಳಚೆ ಮಳೆನೀರಿನ ಚರಂಡಿಗೆ ಇಳಿಯುತ್ತದೆ. ಇದನ್ನು ಪತ್ತೆ ಮಾಡಲು ದೊಡ್ಡ ಉಪಕರಣ ಬೇಕಿಲ್ಲ. ಬೇಸಿಗೆಯಲ್ಲಿ ವಾರಗಟ್ಟಲೆ ಮಳೆ ಇಲ್ಲದ ಒಂದು ದಿನ ನೀವೇ ಮಳೆನೀರಿನ ದೊಡ್ಡ ಕಾಲುವೆಯ ಪಕ್ಕ ನಡೆದುಕೊಂಡು ಹೋಗಿ. ಕಾಲುವೆ ಒಣಗಿರಬೇಕು, ಅಲ್ವಾ? ನೀರು ಹರಿಯುತ್ತಿದ್ದರೆ ಅದು ಎಲ್ಲಿಂದ ಬಂತು ಅಂತ ಮೇಲ್ಮುಖವಾಗಿ ಹುಡುಕಿಕೊಂಡು ಹೋಗಬೇಕು. ಕೆಲವು ಕಡೆ ನೆಲದ ಒರತೆ ಇರಬಹುದು, ಎಲ್ಲೋ ಒಂದು ಕಡೆ ಕುಡಿಯುವ ನೀರಿನ ಪೈಪು ಸೋರುತ್ತಿರಬಹುದು. ಉಳಿದದ್ದು ಕೊಳಚೆ. ಮೂರೂ ವಿಭಾಗದ ತಪ್ಪುಗಳನ್ನು ಒಟ್ಟಿಗೆ ಕಾಣಬಹುದಾದ ಜಾಗ ಅದೊಂದೇ. ಹಾಗಿದ್ದೂ ಅದನ್ನು ನೋಡುವ ಹೊಣೆ ಮೂವರಲ್ಲಿ ಯಾರಿಗೂ ಇಲ್ಲ.

ಮಳೆಗೆ ಬೇರೆ ರೀತಿಯಲ್ಲಿ ಜಾಗ ಮಾಡಿಕೊಟ್ಟ ಊರುಗಳಿವೆ. ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಮೂರು ಗಂಟೆಯೊಳಗೆ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ನೆಲಮಾಳಿಗೆಗಳು ಮುಳುಗಿದವು, ರಸ್ತೆಗಳು ಹೊಳೆಯಾದವು. ಮುಂದಿನ ವರ್ಷವೇ ಆ ನಗರ ಮೋಡಸ್ಫೋಟಕ್ಕೆ ಅಂತಲೇ ಒಂದು ಯೋಜನೆ ಮಾಡಿತು. ಕೆಲವು ರಸ್ತೆಗಳನ್ನು ಜೋರು ಮಳೆಯಲ್ಲಿ ನೀರು ಸಾಗಿಸುವಂತೆ ರೂಪಿಸುವುದು, ಉದ್ಯಾನಗಳನ್ನು ಸ್ವಲ್ಪ ಹೊತ್ತು ನೀರು ತುಂಬಿಕೊಳ್ಳುವಂತೆ ತಗ್ಗು ಮಾಡುವುದು ಅದರಲ್ಲಿ ಸೇರಿದೆ. ಹಾಗೆ ಬದಲಾಯಿಸಿ 2019ರಲ್ಲಿ ಮತ್ತೆ ತೆರೆದ ಒಂದು ಹಳೆಯ ಉದ್ಯಾನ ಈಗ 2 ಕೋಟಿ ಲೀಟರಿಗೂ ಹೆಚ್ಚು ಮಳೆನೀರು ಹಿಡಿಯಬಲ್ಲದು. ರಸ್ತೆ, ಉದ್ಯಾನ, ಚರಂಡಿ ಮೂರನ್ನೂ ಒಟ್ಟಿಗೆ ನೋಡುವವರು ಇದ್ದದ್ದರಿಂದ ಅದು ಸಾಧ್ಯವಾಯಿತು.

ದುಡ್ಡಿನ ಪ್ರಶ್ನೆಗೂ ದಾರಿ ಇದೆ. ಜರ್ಮನಿಯ ಊರುಗಳಲ್ಲಿ ಕೊಳಚೆಗೆ ಒಂದು ಶುಲ್ಕ, ಮಳೆನೀರಿಗೆ ಇನ್ನೊಂದು. ಎರಡನೆಯದಕ್ಕೆ ಆಧಾರ ನಿಮ್ಮ ಜಾಗದಲ್ಲಿ ನೀರು ಇಂಗದಂತೆ ಮುಚ್ಚಿದ ನೆಲ ಎಷ್ಟು ಅನ್ನುವುದು. ಅಮೆರಿಕದ ಫಿಲಡೆಲ್ಫಿಯಾ 2010ರಲ್ಲಿ ಇದೇ ದಾರಿ ಹಿಡಿಯಿತು. ಅದಕ್ಕೂ ಮುಂಚೆ ಮಳೆನೀರಿನ ಖರ್ಚೂ ನೀರಿನ ಮೀಟರಿನ ಮೇಲೇ ಬೀಳುತ್ತಿತ್ತು. ಹಾಗಾಗಿ ವಾಹನ ನಿಲ್ಲಿಸಲು ದೊಡ್ಡ ಜಾಗ ಇಟ್ಟುಕೊಂಡು ನೀರು ಕಡಿಮೆ ಬಳಸುವವರು ಮಳೆನೀರಿಗೆ ಹೆಚ್ಚೇನೂ ಕೊಡುತ್ತಿರಲಿಲ್ಲ. ಈ ಶುಲ್ಕ ನ್ಯಾಯವಾದದ್ದು ಅಂತ ನನ್ನ ಅಭಿಪ್ರಾಯ. ಆದರೆ ಒಂದು ಷರತ್ತು. ಸಣ್ಣ ಮನೆಯವರಿಗೆ ಹೊರೆ ಆಗಬಾರದು, ತನ್ನ ಜಾಗದಲ್ಲೇ ನೀರು ಇಂಗಿಸುವವರಿಗೆ ರಿಯಾಯಿತಿ ಸಿಗಬೇಕು, ಬಂದ ದುಡ್ಡು ಚರಂಡಿ ಬಿಟ್ಟು ಬೇರೆಲ್ಲೂ ಹೋಗಬಾರದು. ಇದನ್ನು ಮೊದಲ ದಿನವೇ ಹೇರಬೇಡಿ. ಮೊದಲು ಕೆಲಸ ತೋರಿಸಿ, ಆಮೇಲೆ ಬಿಲ್ ಕಳಿಸಿ.

ಇನ್ನು ನಕ್ಷೆ. ನನ್ನ ಪ್ರಕಾರ ಮೊದಲ ವರ್ಷದ ಕೆಲಸವೆಲ್ಲ ಇದೇ ಆಗಬೇಕು. ನೆಲದ ಕೆಳಗೆ ಏನಿದೆ ಅಂತ ಗೊತ್ತಿಲ್ಲದೆ ಅಗೆದರೆ ಎಂಥಾ ಅನಾಹುತ ಆಗಬಹುದು ಅನ್ನುವುದಕ್ಕೆ ಮೆಕ್ಸಿಕೋದ ಗ್ವಾದಲಹಾರ ನಗರ ಸಾಕ್ಷಿ. ಅಲ್ಲಿ ಪೆಟ್ರೋಲ್ ಸಾಗಿಸುವ ಉಕ್ಕಿನ ಪೈಪಿನ ತೀರಾ ಹತ್ತಿರ, ಸತು ಲೇಪಿಸಿದ ನೀರಿನ ಪೈಪು ಹಾಕಿದ್ದರು. ತೇವದ ಮಣ್ಣಿನಲ್ಲಿ ಎರಡು ಲೋಹಗಳ ನಡುವೆ ನಡೆದ ಕ್ರಿಯೆಯಿಂದ ಉಕ್ಕು ಸವೆದು ತೂತಾಯಿತು. ಪೆಟ್ರೋಲ್ ಒಳಚರಂಡಿಗೆ ಇಳಿಯಿತು. ಸುರಂಗ ರೈಲಿನ ಮಾರ್ಗಕ್ಕೆ ಜಾಗ ಬಿಡಲು ಆ ಒಳಚರಂಡಿಯನ್ನು ಒಂದು ಕಡೆ ಕೆಳಗೆ ಬಗ್ಗಿಸಿ ಮತ್ತೆ ಮೇಲೆ ತಂದಿದ್ದರು. ಕೊಳಚೆ ಅಲ್ಲಿ ಹಾದು ಹೋಯಿತು, ಆವಿ ಹೋಗಲಾರದೆ ಹಿಂದೆ ತುಂಬಿಕೊಂಡಿತು. ಚರಂಡಿಯಿಂದ ಪೆಟ್ರೋಲ್ ವಾಸನೆ ಬರುತ್ತಿದೆ ಅಂತ ಜನ ದೂರು ಕೊಟ್ಟರು. ಬಂದು ನೋಡಿದವರೂ ಜನರನ್ನು ಅಲ್ಲಿಂದ ತೆರವು ಮಾಡಿಸಲಿಲ್ಲ. 1992ರ ಏಪ್ರಿಲ್ 22ರ ಬೆಳಿಗ್ಗೆ ಸುಮಾರು 8 ಕಿಲೋಮೀಟರ್ ಉದ್ದಕ್ಕೂ ರಸ್ತೆಗಳು ಸಿಡಿದವು. 200ಕ್ಕೂ ಹೆಚ್ಚು ಜನ ಸತ್ತರು. ನೀರಿನವರು, ಎಣ್ಣೆಯವರು, ಒಳಚರಂಡಿಯವರು, ರೈಲಿನವರು, ಎಲ್ಲರೂ ತಮ್ಮ ತಮ್ಮ ಪೈಪು, ತಮ್ಮ ತಮ್ಮ ಸುರಂಗ ನೋಡಿಕೊಂಡಿದ್ದರು. ನಾಲ್ಕನ್ನೂ ಒಂದೇ ಹಾಳೆಯ ಮೇಲೆ ಇಟ್ಟು ನೋಡುವವರು ಇರಲಿಲ್ಲ.

ನಮ್ಮ ನಗರದ ನಕ್ಷೆ ಎಲ್ಲಿದೆ? ಒಂದು ಭಾಗ ಹಳೆಯ ಕಾಗದದಲ್ಲಿ, ಒಂದು ಭಾಗ ಗುತ್ತಿಗೆದಾರರ ಕಂಪ್ಯೂಟರಿನಲ್ಲಿ. ದೊಡ್ಡ ಭಾಗ ಲೈನ್‌ಮನ್‌ಗಳ, ವಾಲ್ವ್ ತಿರುಗಿಸುವವರ ತಲೆಯಲ್ಲಿ. ಯಾವ ತಿರುವಿನಲ್ಲಿ ಯಾವ ವಾಲ್ವ್ ಇದೆ, ಅದನ್ನು ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಗೆ ನೀರು ಹತ್ತುತ್ತದೆ, ಯಾವ ಮ್ಯಾನ್‌ಹೋಲ್ ಮೇಲೆ ಡಾಂಬರು ಬಿದ್ದು ಮುಚ್ಚಿಹೋಗಿದೆ, ಇದೆಲ್ಲ ಅವರಿಗೆ ಗೊತ್ತು. ಅವರು ನಿವೃತ್ತರಾದ ದಿನ ಹೂಮಾಲೆ ಹಾಕಿ ಕಳಿಸುತ್ತೇವೆ. ಅವರ ಜೊತೆ ನಕ್ಷೆಯೂ ಹೋಗುತ್ತದೆ. ದಯವಿಟ್ಟು ಅವರನ್ನು ಒಬ್ಬ ಸರ್ವೇಯರ್ ಜೊತೆ ಬೀದಿ ಬೀದಿ ನಡೆಸಿ, ಅವರು ತೋರಿಸಿದ್ದನ್ನೆಲ್ಲ ಬರೆಸಿಕೊಳ್ಳಿ. ಆ ಕೆಲಸಕ್ಕೆ ಅವರಿಗೆ ಹೆಚ್ಚುವರಿ ಸಂಬಳ ಕೊಡಿ, ನಕ್ಷೆಯ ಮೇಲೆ ಅವರ ಹೆಸರೂ ಇರಲಿ. ಆಮೇಲೆ ಒಂದು ನಿಯಮ ಮಾಡಿ. ಆ ನಕ್ಷೆ ನೋಡದೆ, ಮೂರೂ ಕಡೆಯ ಸಹಿ ಇಲ್ಲದೆ, ಯಾರೂ ಒಂದು ಗುದ್ದಲಿ ಮಣ್ಣೂ ಎತ್ತಬಾರದು. ಕೇಬಲ್ ಹಾಕುವವರಿಗೂ ಇದೇ ನಿಯಮ. ರಸ್ತೆಗೆ ಡಾಂಬರು ಹಾಕಿ ತಿಂಗಳೊಳಗೆ ಪೈಪಿಗೆ ಅಂತ ಅಗೆಯುವುದು ಆಗಲಾದರೂ ನಿಲ್ಲಬಹುದು.

ಕೆಲಸಗಾರರ ವಿಷಯಕ್ಕೆ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮ್ಯಾನ್‌ಹೋಲಿನೊಳಗೆ ಕೊಳಚೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದಾಗ ಮೂಗಿನ ಶಕ್ತಿಯೇ ಸತ್ತು ವಾಸನೆ ಗೊತ್ತಾಗುವುದಿಲ್ಲ. ಒಳಗೆ ಇಳಿದವರು ವಾಸನೆ ಹೋಯಿತು ಅಂದುಕೊಳ್ಳುವ ಹೊತ್ತಿಗೆ ಜೀವಕ್ಕೆ ಅಪಾಯ ಬಂದಿರುತ್ತದೆ. ಅವರನ್ನು ಎತ್ತಲು ಇಳಿದವರೂ ಹಾಗೇ ಸಾಯುತ್ತಾರೆ. ಅದೇ ಅನಿಲ ಪೈಪಿನ ಮೇಲ್ಭಾಗದಲ್ಲಿ ಆಮ್ಲವಾಗಿ ಕಾಂಕ್ರೀಟನ್ನೂ ತಿನ್ನುತ್ತದೆ, ರಸ್ತೆ ಒಂದು ದಿನ ಕುಸಿಯುತ್ತದೆ. ಮನುಷ್ಯರನ್ನು ಒಳಗೆ ಇಳಿಸುವ ಪದ್ಧತಿಗೆ ಯಾವ ಸಮಜಾಯಿಷಿಯೂ ಇಲ್ಲ. ಯಂತ್ರ ಕೊಳ್ಳಿ, ಪೈಪಿನೊಳಗೆ ಕ್ಯಾಮೆರಾ ಬಿಡಿ, ಗುತ್ತಿಗೆದಾರರು ಮನುಷ್ಯರನ್ನು ಇಳಿಸಿದರೆ ಅವತ್ತೇ ಗುತ್ತಿಗೆ ರದ್ದು ಮಾಡಿ. ಈ ಪತ್ರದಲ್ಲಿ ಚೌಕಾಸಿಗೆ ಬಾರದ ಬೇಡಿಕೆ ಅಂತ ಒಂದಿದ್ದರೆ ಅದು ಇದು.

ಸೋರಿಕೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇದರ ಬಗ್ಗೆ ನಿಮ್ಮ ಎಂಜಿನಿಯರುಗಳೇ ಚೆನ್ನಾಗಿ ಹೇಳಬಲ್ಲರು. ನೀರು ಸಾಲದು ಅಂದ ಕೂಡಲೇ ನಾವು ದೂರದ ಹೊಳೆ ಕಡೆ ಕೈ ಚಾಚುತ್ತೇವೆ. ಟೋಕಿಯೋದಲ್ಲಿ 1950ರ ದಶಕದಲ್ಲಿ ಸುಮಾರು ಶೇಕಡ 20 ನೀರು ಸೋರಿಹೋಗುತ್ತಿತ್ತು. ಈಗ ಶೇಕಡ 3-4. ರಾತ್ರಿ ಊರು ಮಲಗಿದ ಮೇಲೆ ಕೋಲು ಹಿಡಿದು ನೆಲಕ್ಕೆ ಕಿವಿಗೊಟ್ಟು ಸೋರುವ ಸದ್ದು ಕೇಳುವ ಕೆಲಸಗಾರರು ಅಲ್ಲಿದ್ದಾರೆ. ಮನೆಗೆ ಹೋಗುವ ಸಣ್ಣ ಪೈಪುಗಳನ್ನು ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸಿದರು. ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ 1993ರಲ್ಲಿ ಶೇಕಡ 72 ನೀರಿಗೆ ಲೆಕ್ಕವೂ ಇರಲಿಲ್ಲ, ದುಡ್ಡೂ ಬರುತ್ತಿರಲಿಲ್ಲ. ಏಕ್ ಸೊನ್ ಚಾನ್ ಎಂಬವರು ಅಲ್ಲಿನ ಸರ್ಕಾರಿ ನೀರಿನ ಸಂಸ್ಥೆಯ ಹೊಣೆ ಹೊತ್ತರು. ಪ್ರಭಾವಿಗಳ ಮನೆಗೂ ಸರ್ಕಾರಿ ಕಚೇರಿಗಳಿಗೂ ಮೀಟರ್ ಹಾಕಿಸಿದರು. ಬಡವರ ಬೀದಿಗಳಿಗೆ ಪೈಪು ಎಳೆಸಿದರು. 2010ರ ಹೊತ್ತಿಗೆ ಆ ಲೆಕ್ಕವಿಲ್ಲದ ನೀರು ಸುಮಾರು ಶೇಕಡ 6ಕ್ಕೆ ಇಳಿಯಿತು. ದಿನದ 24 ಗಂಟೆಯೂ ನೀರು ಬರತೊಡಗಿತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವೆಲ್ಲ ಶ್ರೀಮಂತ ದೇಶಕ್ಕೆ ಮಾತ್ರ ಅನ್ನುವವರಿಗೆ ಈ ಊರನ್ನು ತೋರಿಸಿ.

ಪೈಪು ಬದಲಾಯಿಸುವ ವೇಗಕ್ಕೂ ಒಂದು ಲೆಕ್ಕವಿದೆ. 1,000 ಕಿಲೋಮೀಟರ್ ಪೈಪು ಇರುವ ಊರು ವರ್ಷಕ್ಕೆ 5 ಕಿಲೋಮೀಟರ್ ಬದಲಾಯಿಸಿದರೆ ಒಂದು ಸುತ್ತು ಮುಗಿಯಲು 200 ವರ್ಷ ಬೇಕು. ಹೆಚ್ಚಿನ ಪೈಪುಗಳು ಅಷ್ಟು ವರ್ಷ ಬಾಳುವುದಿಲ್ಲ. ಒಂದು ವರ್ಷ ರಿಪೇರಿ ಮುಂದೂಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ವರ್ಷ ಮುಂದೂಡಿದರೆ ಒಂದು ದಿನ ಊರೇ ನಿಲ್ಲುತ್ತದೆ. ಅಮೆರಿಕದ ಜಾಕ್ಸನ್ ನಗರದಲ್ಲಿ 2022ರ ಆಗಸ್ಟಿನಲ್ಲಿ ಹಾಗೇ ಆಯಿತು. ಬಹಳ ವರ್ಷ ರಿಪೇರಿ ಕಾಣದ ನೀರು ಶುದ್ಧೀಕರಣ ಘಟಕ ನದಿಯ ನೆರೆ ಬಂದಾಗ ಕೈಕೊಟ್ಟಿತು. ಸುಮಾರು ಒಂದೂವರೆ ಲಕ್ಷ ಜನ ನಂಬಿ ಕುಡಿಯಬಹುದಾದ ನೀರಿಲ್ಲದೆ ಕುಳಿತರು. ಆದ್ದರಿಂದ ನೀರಿನ ಬಿಲ್ಲಿನಿಂದ ಬಂದ ದುಡ್ಡು ನೀರಿಗೇ ಉಳಿಯಲಿ. ಈ ವರ್ಷ ಎಷ್ಟು ಕಿಲೋಮೀಟರ್ ಬದಲಾಯಿಸಿದಿರಿ ಅನ್ನುವ ಒಂದು ಅಂಕಿಯನ್ನು ಪ್ರತಿ ಬಜೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ.

ನೀರಿನ ಪರೀಕ್ಷೆಯ ಫಲಿತಾಂಶವೂ ದಿನವೂ ಜನರ ಕಣ್ಣಿಗೆ ಬೀಳಬೇಕು. ಕೆನಡಾದ ವಾಕರ್‌ಟನ್ ಎಂಬ ಸಣ್ಣ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಜೋರು ಮಳೆಯಾಯಿತು. ಹೊಲದ ಸಗಣಿಯ ನೀರು ಆಳವಿಲ್ಲದ ಬಾವಿಗೆ ಸೇರಿತು. ಕ್ಲೋರಿನ್ ಅಳತೆಯ ಪುಸ್ತಕದಲ್ಲಿ ಸುಳ್ಳು ಅಂಕಿ ಬರೆಯುವುದು ಅಲ್ಲಿ ರೂಢಿಯಾಗಿತ್ತು. 7 ಜನ ಸತ್ತರು, 2,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು.

ಮೂರು ಕಚೇರಿ ಸೇರಿಸಿದರೆ ಇನ್ನೂ ದೊಡ್ಡದೊಂದು ಕಚೇರಿ ಹುಟ್ಟುತ್ತದೆ, ಕಡತ ಇನ್ನೂ ನಿಧಾನವಾಗುತ್ತದೆ ಅಂತ ನಿಮಗೆ ಹೇಳುವವರು ಇದ್ದಾರೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಬೋರ್ಡು ಬದಲಾಯಿಸಿ, ಒಳಗೆ ಮೂರು ಗೋಡೆ ಹಾಗೇ ಉಳಿದರೆ ಏನೂ ಪ್ರಯೋಜನವಿಲ್ಲ. ಸಿಂಗಾಪುರ 2001ರಲ್ಲಿ ಒಳಚರಂಡಿ ಮತ್ತು ಮಳೆನೀರಿನ ವಿಭಾಗಗಳನ್ನು ತಂದು ತನ್ನ ನೀರಿನ ಸಂಸ್ಥೆಗೇ ಸೇರಿಸಿತು. ಆಮೇಲೆ ಅವರ ಯೋಚನೆಯೇ ಬೇರೆಯಾಯಿತು. 2003ರಿಂದ ಕೊಳಚೆಯನ್ನು ಅತಿ ಶುದ್ಧ ಮಾಡಿ ಮತ್ತೆ ಬಳಕೆಗೆ ಕೊಡತೊಡಗಿದರು. 2008ರಲ್ಲಿ ಊರಿನ ನಡುವೆ ಸಮುದ್ರದ ಬಾಯಿಗೆ ಅಡ್ಡಗಟ್ಟೆ ಕಟ್ಟಿದರು. ಅದು ನೆರೆಯನ್ನೂ ತಡೆಯುತ್ತದೆ, ಮಳೆನೀರಿನ ಜಲಾಶಯವೂ ಆಗಿದೆ. ನೀರಿನವರು ಮತ್ತು ಚರಂಡಿಯವರು ಬೇರೆ ಬೇರೆ ಕಟ್ಟಡದಲ್ಲಿ ಕೂತಿದ್ದರೆ ಒಂದೇ ಕಟ್ಟೆಗೆ ಈ ಎರಡೂ ಕೆಲಸ ಹೊಳೆಯುವುದು ಕಷ್ಟವಿತ್ತು.

ಇನ್ನೊಂದು ಮಾತು. ಒಂದು ಮಾಡಿ ಅಂದದ್ದಕ್ಕೆ ಖಾಸಗಿಯವರಿಗೆ ಕೊಡಿ ಅಂತ ಅರ್ಥ ಮಾಡಿಕೊಳ್ಳಬೇಡಿ. ನಾನು ಕೇಳುತ್ತಿರುವುದು ಅದಲ್ಲ. ಇದು ಜನರದ್ದೇ ಆಗಿ ಉಳಿಯಬೇಕು, ಆಯ್ಕೆಯಾದ ಕೌನ್ಸಿಲ್ಲಿಗೆ ಉತ್ತರ ಕೊಡಬೇಕು. ಮುಖ್ಯಸ್ಥರನ್ನು ಆರಾರು ತಿಂಗಳಿಗೆ ವರ್ಗ ಮಾಡದೆ ಕೆಲವು ವರ್ಷ ಕೂರಲು ಬಿಡಬೇಕು. ಪೈಪಿನ ಊರು ಅರ್ಥವಾಗಲು ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆಯಾದರೂ ಬೇಕು.

ಇಡೀ ನಗರಕ್ಕೆ ಒಂದೇ ಸಲ ಮಾಡುವುದು ಕಷ್ಟ ಅನ್ನಿಸಿದರೆ ಒಂದು ವಾರ್ಡಿನಿಂದ ಶುರು ಮಾಡಿ. ತಗ್ಗಿನಲ್ಲಿರುವ, ಪ್ರತಿ ಮಳೆಗೂ ಮುಳುಗುವ ವಾರ್ಡನ್ನೇ ಆರಿಸಿ. ಅಲ್ಲಿನ ಮೂರೂ ಕಡೆಯ ಎಂಜಿನಿಯರುಗಳಿಗೆ ಒಂದೇ ಕೋಣೆ, ಒಂದೇ ದೂರು ಪುಸ್ತಕ, ಒಂದೇ ಫೋನ್ ನಂಬರ್ ಕೊಡಿ. ಮುಂದಿನ ಮಳೆಗೆ ಮುಂಚೆ ಆ ವಾರ್ಡಿನ ನಕ್ಷೆಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ. ಅದರಲ್ಲಿ ಬಿಟ್ಟುಹೋದ ಮೋರಿ, ಮುಚ್ಚಿಹೋದ ಮ್ಯಾನ್‌ಹೋಲ್, ಯಾರೂ ಬರೆದುಕೊಳ್ಳದ ಪೈಪು ಎಲ್ಲೆಲ್ಲಿದೆ ಅಂತ ತೋರಿಸಲು ನಾವು ಬರುತ್ತೇವೆ. ನಮ್ಮ ಬೀದಿಯವರ ಕಡೆಯಿಂದ ಈ ಕೆಲಸಕ್ಕೆ ಹೆಸರು ಕೊಡಲು ಈಗಲೇ ಹಲವರು ಒಪ್ಪಿದ್ದಾರೆ. ಯಾವ ವಾರ್ಡು, ಯಾವ ದಿನ ಅಂತ ಬಜೆಟ್ ಭಾಷಣದಲ್ಲಿ ಹೇಳಿ.

ಇಂತಿ,
ನಗರದ ಒಬ್ಬ ನಿವಾಸಿ